ಅಪ್ಪ-ಅಮ್ಮನ ದಿನಬಳಕೆಗೆ 30 ಸಾವಿರದ ಆಸುಪಾಸಿನ ಲ್ಯಾಪ್‌ಟಾಪ್: ಈ ನಾಲ್ಕರಲ್ಲಿ ಯಾವುದು?

ಸಾಗರಸೀಮೆ (ಪ್ರಶ್ನೆ)

ಸಾಗರ ತಾಲ್ಲೂಕಿನ ಹಳ್ಳಿಯಲ್ಲಿರುವ ಅಪ್ಪ-ಅಮ್ಮನಿಗೆ ಲ್ಯಾಪ್‌ಟಾಪ್ ಬೇಕಿದೆ. ಬಜೆಟ್ 30 ಸಾವಿರ, ತೀರಾ ಬೇಕೆನಿಸಿದರೆ 34ರವರೆಗೆ ಹೋಗಬಹುದು. ಕೆಲಸ ಇಷ್ಟೇ: ಪಹಣಿ ತೆಗೆಯೋದು, ಬ್ಯಾಂಕ್, ಸೇವಾಸಿಂಧು ಅರ್ಜಿ, ಇ-ಪೇಪರ್, ಯೂಟ್ಯೂಬ್‌ನಲ್ಲಿ ಯಕ್ಷಗಾನ, ರಾತ್ರಿ ವಿಡಿಯೊ ಕಾಲ್. ಅಪ್ಪ ಅಡಿಕೆ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡ್ತಾರೆ, ಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡ್ತಾರೆ. ಹಳೆಯ ನುಡಿ ಫೈಲುಗಳೂ ಬೇಕಾದಷ್ಟಿವೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ2900ಬಿ. ಮನೆಗೆ ಫೈಬರ್ ಬಂದಿದೆ, ಮಳೆಗಾಲದಲ್ಲಿ ಅದು ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್. ಕರೆಂಟ್ ಹೋಗೋದು ಮಾಮೂಲಿ.

ವಿಚಾರಿಸಿಟ್ಟಿರುವುದು ಇವು:

ಅ) ಹೊಸದು, ಸೆಲೆರಾನ್ ಎನ್4020, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ, 14 ಇಂಚು. 17,500 ಹೇಳ್ತಿದ್ದಾರೆ.
ಆ) ಹೊಸದು, ಐ3-1215ಯು, 8 ಜಿಬಿ, 512 ಎಸ್‌ಎಸ್‌ಡಿ, 15.6 ಇಂಚು. 33,500.
ಇ) ರಿಫರ್ಬಿಷ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವ) ಥಿಂಕ್‌ಪ್ಯಾಡ್ ಟಿ480, ಐ5 8ನೇ ಜನರೇಷನ್, 8 ಜಿಬಿ, 256 ಎಸ್‌ಎಸ್‌ಡಿ. 19,000, ಬೆಂಗಳೂರಿನ ಅಂಗಡಿಯದೇ 6 ತಿಂಗಳ ವಾರಂಟಿ.
ಈ) ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್), 4 ಜಿಬಿ, 64 ಇಎಂಎಂಸಿ. 16,000.

"ಬರೀ ಇಂಟರ್ನೆಟ್ಟಿಗೆ 4 ಜಿಬಿ ಧಾರಾಳ ಸಾಕು" ಅಂತ ಅಂಗಡಿಯವರ ಮಾತು. ನಿಜವೇ? ಐದು ವರ್ಷವಾದರೂ ಬಾಳಿಕೆ ಬರಬೇಕು.

---

ಬೆಸುಗೆಕಡ್ಡಿ

ನಿಜವಲ್ಲ. ಇಂದು ಲ್ಯಾಪ್‌ಟಾಪಿಗೆ ಅತಿ ಹೆಚ್ಚು ಹೊರೆ ಕೊಡುವುದೇ ಈ "ಬರೀ ಇಂಟರ್ನೆಟ್". ವರ್ಡ್, ಎಕ್ಸೆಲ್ ಅದರ ಮುಂದೆ ಏನೂ ಅಲ್ಲ.

(ಅ)ದಲ್ಲಿ ಆಗುವುದೇನೆಂದರೆ, ವಿಂಡೋಸ್ 11 ಏಳುವಷ್ಟರಲ್ಲೇ ಎರಡೂವರೆಯಿಂದ ಮೂರು ಜಿಬಿ ರ‍್ಯಾಮ್ ಹೋಗಿರುತ್ತದೆ. ಉಳಿದ ಒಂದು ಜಿಬಿಯಲ್ಲಿ ಕ್ರೋಮ್ ತೆರೆದು ಬ್ಯಾಂಕ್, ಪಹಣಿ, ಯೂಟ್ಯೂಬ್ ಮೂರು ಟ್ಯಾಬ್ ಇಟ್ಟರೆ ಜಾಗ ಮುಗಿಯಿತು. ಆಗ ವಿಂಡೋಸ್ ರ‍್ಯಾಮ್‌ನಲ್ಲಿರುವುದನ್ನು ಎತ್ತಿ ಸ್ಟೋರೇಜಿಗೆ ಬರೆದು, ಬೇಕಾದಾಗ ಮತ್ತೆ ತರಲು ಶುರು ಮಾಡುತ್ತದೆ. ಸ್ಟೋರೇಜ್ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಆಗಿದ್ದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಇಎಂಎಂಸಿ ಅಂದರೆ ಅಗ್ಗದ ಮೊಬೈಲ್‌ಗಳಲ್ಲಿ ಇರುವ ಜಾತಿಯ ಚಿಪ್. ಅದು ಏಕಕಾಲಕ್ಕೆ ಓದಬಲ್ಲದು ಇಲ್ಲವೇ ಬರೆಯಬಲ್ಲದು, ಎರಡನ್ನೂ ಒಟ್ಟಿಗೆ ಮಾಡಲಾರದು. ಅಂಥ ಹೊತ್ತಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಡಿಸ್ಕ್ 100%ಕ್ಕೆ ಅಂಟಿಕೊಂಡಿರುತ್ತದೆ, ಮೌಸ್ ಕೂಡ ತಡವರಿಸುತ್ತದೆ. ಒಟಿಪಿ ಹಾಕುವಷ್ಟರಲ್ಲಿ ಬ್ಯಾಂಕಿನ ಪುಟದ ಸಮಯ ಮುಗಿದು ಹೊರಗೆ ದಬ್ಬುವುದು ಇಂಥ ಯಂತ್ರದಲ್ಲೇ.

ಜಾಗದ ಕತೆಯೂ ಕಷ್ಟ. 64 ಜಿಬಿ ಅಂದದ್ದು ವಿಂಡೋಸ್‌ನಲ್ಲಿ 58-59 ಅಂತ ಕಾಣುತ್ತದೆ. ಅರ್ಧಕ್ಕೂ ಹೆಚ್ಚನ್ನು ವಿಂಡೋಸ್ ಮತ್ತದರ ರಿಕವರಿ ಭಾಗವೇ ತಿನ್ನುತ್ತವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟಿಗೆ ಖಾಲಿ ಜಾಗ ಸಾಲದೆ ಅದು ಅರ್ಧಕ್ಕೆ ನಿಲ್ಲುತ್ತದೆ. ಈ ಬೆಲೆಯ ಯಂತ್ರಗಳಲ್ಲಿ ರ‍್ಯಾಮ್ ಕೂಡ, ಇಎಂಎಂಸಿಯೂ ಬಹುಪಾಲು ಬೋರ್ಡಿಗೇ ಬೆಸೆದಿರುತ್ತವೆ, ಮುಂದೆ ಬದಲಿಸುವ ಮಾತೇ ಇಲ್ಲ. 17,500 ಕೊಟ್ಟು ಎರಡು ವರ್ಷಕ್ಕೆ ಮೂಲೆಗಿಡುವುದಾದರೆ ಅದು ಅಗ್ಗ ಹೇಗಾಯಿತು?

ಹಾಗಾಗಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಇದಕ್ಕಿಂತ ಕೆಳಗೆ ಇಳಿಯಬೇಡಿ. ಪ್ರೊಸೆಸರ್ ಹೆಸರು ನೋಡುವುದು ಆಮೇಲೆ.

ಹಾಗಂತ ಎನ್ ಅಕ್ಷರದ್ದೆಲ್ಲ ಕಸ ಅಂತಲ್ಲ. ಎನ್4020, ಎನ್4500 ಎರಡಕ್ಕೂ 2 ಕೋರ್ (ಲೆಕ್ಕ ಮಾಡುವ ಘಟಕ) ಮಾತ್ರ, ಅವನ್ನು ಬಿಟ್ಟುಬಿಡಿ. ಎನ್100ಕ್ಕೆ 4 ಕೋರ್, ಐ3-ಎನ್305ಕ್ಕೆ 8. 8 ಜಿಬಿ, ಎಸ್‌ಎಸ್‌ಡಿ ಜೊತೆಗಿದ್ದರೆ ನೀವು ಹೇಳಿದ ಕೆಲಸಗಳಿಗೆ ಎನ್100 ಕೂಡ ಸಾಕಾಗುತ್ತದೆ. ಎಎಂಡಿ ಕಡೆ ನಾಲ್ಕಂಕಿಯ 7000 ಸರಣಿಯಲ್ಲಿ ಮೂರನೇ ಅಂಕಿ ನೋಡಿ. ರೈಜನ್ 3 7320ಯು ಎಂದರೆ ಅಲ್ಲಿ 2 ಇದೆ, ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ. ದಿನಬಳಕೆಗೆ ತೊಂದರೆಯಿಲ್ಲ, ಆದರೆ ಇದರೊಂದಿಗೆ ಬರುವ ರ‍್ಯಾಮ್ ಬೆಸೆದದ್ದೇ. ಹಾಗಾಗಿ 8 ಜಿಬಿಯದನ್ನೇ ತೆಗೆದುಕೊಳ್ಳಬೇಕು, "ಆಮೇಲೆ ಹಾಕಿಸೋಣ" ಅನ್ನುವ ಹಾಗಿಲ್ಲ.

ನಿಮ್ಮ ಪಟ್ಟಿಯಲ್ಲಿ ನನ್ನ ಮತ (ಆ)ಗೆ.

---

ಎಸ್‌ಪಿ ರೋಡ್ ಪಕ್ಕ

(ಇ)ಯನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಟಿ480 2018ರ ಮಾದರಿ. ರ‍್ಯಾಮ್‌ಗೆ ಎರಡು ಸ್ಲಾಟ್, ಕೀಬೋರ್ಡ್ ಅಂತೂ ಈ ಬೆಲೆಯ ಯಾವ ಹೊಸ ಲ್ಯಾಪ್‌ಟಾಪಿನಲ್ಲೂ ಸಿಗಲ್ಲ. ದಿನಾ ಪತ್ರ ಟೈಪ್ ಮಾಡೋ ಹಿರಿಯರಿಗೆ ಅದು ಸಣ್ಣ ವಿಷಯ ಅಲ್ಲ. ಎಲೈಟ್‌ಬುಕ್ 840 ಜಿ5, ಲ್ಯಾಟಿಟ್ಯೂಡ್ 5490 ಕೂಡ ಇದೇ ಕಾಲದವು, ಇದೇ ದರ್ಜೆಯವು.

ಗಡಿ ಮಾತ್ರ ಗಟ್ಟಿಯಾಗಿ ಹಿಡೀರಿ: ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತಾ ಚಿಪ್) ಮತ್ತು 8ನೇ ಜನರೇಷನ್ ಅಥವಾ ಮೇಲಿನದು ಬೇಕು. 5ನೇ, 6ನೇ ಜನರೇಷನ್ ಯಂತ್ರಕ್ಕೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿ 12-13 ಸಾವಿರಕ್ಕೆ ಮಾರೋರಿದ್ದಾರೆ. ಅಂಥದ್ದಕ್ಕೆ ವಾರ್ಷಿಕ ಅಪ್‌ಡೇಟ್ ತಾನಾಗಿ ಬರಲ್ಲ. ಐ5 ಅನ್ನೋ ಸ್ಟಿಕರ್ ನೋಡಿ ಮೋಸ ಹೋಗಬೇಡಿ, ಐ5 ಆದಮೇಲೆ ಬರೋ ಸಂಖ್ಯೆ ನೋಡಿ. 8250ಯು, 8350ಯು ಆಗಿದ್ರೆ ಸರಿ. 6300ಯು, 5300ಯು ಆಗಿದ್ರೆ ಬೇಡ.

ಅಂಗಡಿಯಲ್ಲಿ ಕೂತು ಇಷ್ಟು ಮಾಡಿಸಿಯೇ ದುಡ್ಡು ಕೊಡಿ, ಒಂದು ಗಂಟೆ ಹಿಡಿಯುತ್ತೆ.

ಮೊದಲು ಬಯಾಸ್ (ವಿಂಡೋಸ್‌ಗೂ ಮೊದಲು ಏಳೋ ಮೂಲ ಸೆಟ್ಟಿಂಗ್). ಟಿ480ಯಲ್ಲಿ ಆನ್ ಆಗ್ತಿದ್ದಂತೆ ಎಫ್1 (ಲ್ಯಾಟಿಟ್ಯೂಡ್‌ಗೆ ಎಫ್2, ಎಲೈಟ್‌ಬುಕ್‌ಗೆ ಎಫ್10). ಪಾಸ್‌ವರ್ಡ್ ಕೇಳಿತು ಅಂದ್ರೆ ಎದ್ದು ಬನ್ನಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಒಳಗಿನ ಸಣ್ಣ ಸೆಲ್ ಕಿತ್ತರೂ ಹೋಗಲ್ಲ.

ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ವೈಫೈ ಕೊಟ್ಟು ಮೊದಲ ಸೆಟಪ್ ನಿಮ್ಮ ಕಣ್ಣೆದುರೇ ಆಗಲಿ. ಇವೆಲ್ಲ ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳು. ಹಳೇ ಕಂಪನಿ ತನ್ನ ಆಟೋಪೈಲಟ್ (ಕಂಪನಿ ಯಂತ್ರಗಳನ್ನ ದೂರದಿಂದಲೇ ನಿಭಾಯಿಸೋ ಮೈಕ್ರೋಸಾಫ್ಟ್ ವ್ಯವಸ್ಥೆ) ಪಟ್ಟಿಯಿಂದ ಇದನ್ನ ತೆಗೆಯದೇ ಇದ್ರೆ, ಸೆಟಪ್‌ನಲ್ಲಿ ಆ ಕಂಪನಿಯ ಹೆಸರು ಬಂದು ಅವರ ಲಾಗಿನ್ ಕೇಳುತ್ತೆ. ಅಂಗಡಿಯವರು ಆಫ್‌ಲೈನ್‌ನಲ್ಲಿ ಸೆಟಪ್ ಮಾಡಿಟ್ಟಿದ್ರೆ ಇದು ಗೊತ್ತೇ ಆಗಲ್ಲ. ಮುಂದೆ ಯಾವತ್ತೋ ಒಂದಿನ ರೀಸೆಟ್ ಮಾಡಿದಾಗ ಯಂತ್ರ ಬಾಗಿಲು ಹಾಕ್ಕೊಳ್ಳುತ್ತೆ.

ಮೂರನೇದು ಬ್ಯಾಟರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ "ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್" (powercfg /batteryreport) ಆದೇಶ ಕೊಟ್ಟರೆ ಬ್ರೌಸರ್‌ನಲ್ಲಿ ತೆರೆಯೋ ಒಂದು ವರದಿ ಬರುತ್ತೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಅಂತ ಎರಡು ಸಾಲು. ಎರಡನೇದು ಮೊದಲನೇದರ 70%ಗಿಂತ ಕಡಿಮೆ ಇದ್ರೆ ಹೊಸ ಬ್ಯಾಟರಿ ಹಾಕಿಸಿ ಇಲ್ಲಾ ಬೆಲೆ ಇಳಿಸಿ ಅಂತ ಕೇಳಿ. ಟಿ480ಗೆ ಬ್ಯಾಟರಿ ಎರಡು, ಒಳಗೊಂದು ಹೊರಗೊಂದು. ವರದಿಯಲ್ಲಿ ಎರಡೂ ಕಾಣಬೇಕು. ಕೆಲವರು ಹೊರಗಿನದನ್ನ ಮಾತ್ರ ಹೊಸದು ಹಾಕಿ ಒಳಗಿನದು ಸತ್ತಿದ್ರೂ ಹಾಗೇ ಬಿಟ್ಟಿರ್ತಾರೆ.

ಇನ್ನೊಂದು, ಟಿ480 ಚಾರ್ಜ್ ಆಗೋದೇ ಯುಎಸ್‌ಬಿ-ಸಿಯಲ್ಲಿ. ಅದಕ್ಕೆ ಎರಡು ಸಿ ಪೋರ್ಟ್ ಇವೆ, ಎರಡಕ್ಕೂ ಚಾರ್ಜರ್ ಸಿಕ್ಕಿಸಿ, ಸ್ವಲ್ಪ ಅಲುಗಾಡಿಸಿ ನೋಡಿ. ಆ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್ (ಪೋರ್ಟಿನ ಒಳ ತಂತ್ರಾಂಶ) ದೋಷದಿಂದ ಸಿ ಪೋರ್ಟ್ ಕೆಲಸ ನಿಲ್ಲಿಸೋ ತೊಂದರೆ ಇತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಕೊಟ್ಟಿದೆ, ತಂದ ದಿನವೇ ಅದನ್ನ ಹಾಕಿಬಿಡಿ. ಪರದೆಯನ್ನೂ ಕೇಳಿ ತಿಳ್ಕೊಳ್ಳಿ. ಟಿ480ಯಲ್ಲಿ 1366×768ರ ಮಂಕು ಪರದೆಯದೂ ಬಂದಿದೆ, 1920×1080ರ, ಪಕ್ಕದಿಂದ ನೋಡಿದ್ರೂ ಬಣ್ಣ ಕೆಡದ ಐಪಿಎಸ್‌ದೂ ಬಂದಿದೆ. ಹೊರಗಿಂದ ಎರಡೂ ಒಂದೇ ಥರ.

ಕೊನೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ ಎಸ್‌ಎಸ್‌ಡಿ ಆರೋಗ್ಯ ಎಷ್ಟು ಶೇಕಡಾ ಅಂತ ನೋಡಿ, ನೋಟ್‌ಪ್ಯಾಡ್‌ನಲ್ಲಿ ಪ್ರತಿ ಕೀಲಿಯನ್ನೂ ಒತ್ತಿ, 20 ನಿಮಿಷ ಯೂಟ್ಯೂಬ್ ಓಡಿಸಿ ಫ್ಯಾನ್ ಕೇಳಿ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದಿಲ್ಲದ ವಾರಂಟಿ ಬರೀ ಬಾಯಿಮಾತು.

---

ಬೆಸುಗೆಕಡ್ಡಿ

ತಪಾಸಣೆಯ ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಯಂತ್ರ ಇರುವುದು ಸಾಗರದ ಹಳ್ಳಿಯಲ್ಲಿ, ಅಂಗಡಿ ಬೆಂಗಳೂರಿನಲ್ಲಿ. ನಾಲ್ಕನೇ ತಿಂಗಳಲ್ಲಿ ಬೋರ್ಡ್ ಹೋದರೆ ಅಪ್ಪ ಅದನ್ನು ಹೊತ್ತು ಬಸ್ಸು ಹತ್ತಬೇಕೇ? ಪಕ್ಕದಲ್ಲಿ ನೋಡಿಕೊಳ್ಳುವ ಮಗ-ಮಗಳು ಇದ್ದರೆ ರಿಫರ್ಬಿಷ್ಡ್ ಒಳ್ಳೆಯ ವ್ಯಾಪಾರ. ದೂರ ಇರುವ ಹಿರಿಯರಿಗೆ ಕಂಪನಿಯ ವಾರಂಟಿ ಇರುವ ಹೊಸದೇ ವಾಸಿ, ಅದರಲ್ಲೂ ಮನೆಗೇ ಬಂದು ರಿಪೇರಿ ಮಾಡುವ ಆನ್‌ಸೈಟ್ ವಾರಂಟಿ. ನಿಮ್ಮ ಪಿನ್‌ಕೋಡಿಗೆ ಆನ್‌ಸೈಟ್ ಸೌಲಭ್ಯ ಇದೆಯೇ ಎಂದು ಕಂಪನಿಯ ಟೋಲ್‌ಫ್ರೀಗೆ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಪೆಟ್ಟಿಗೆಯ ಮೇಲೆ ಬರೆದಿದ್ದರೂ ಕೆಲವು ಊರುಗಳಿಗೆ ಬರುವುದಿಲ್ಲ.

---

ಕೀಲಿಮಣೆ

ಕ್ರೋಮ್‌ಬುಕ್ ಬಗ್ಗೆ ಯಾರೂ ಹೇಳಿಲ್ಲ. ವೈರಸ್ ಕಾಟ ಕಡಿಮೆ, ಬೇಗ ಏಳುತ್ತದೆ, 2021ರ ನಂತರದ ಮಾದರಿಗಳಿಗೆ ಆ ಪ್ಲಾಟ್‌ಫಾರ್ಮ್ ಬಂದ ದಿನದಿಂದ 10 ವರ್ಷ ಅಪ್‌ಡೇಟ್ ಇದೆ. ಬ್ರೌಸರ್ ಬಿಟ್ಟು ಬೇರೇನೂ ಬೇಡದ ಮನೆಗೆ ಅದು ಒಳ್ಳೆಯ ಆಯ್ಕೆ.

ಆದರೆ ನಿಮ್ಮ ಪ್ರಶ್ನೆಯಲ್ಲೇ ಅದನ್ನು ತಡೆಯುವ ಎರಡು ವಸ್ತುಗಳಿವೆ. ಮೊದಲನೆಯದು ಪ್ರಿಂಟರ್. ಎಲ್‌ಬಿಪಿ2900ಬಿ ಪುಟವನ್ನು ತಾನೇ ರೂಪಿಸುವುದಿಲ್ಲ, ಕಂಪ್ಯೂಟರಿನಲ್ಲಿರುವ ಕ್ಯಾನನ್ ಡ್ರೈವರ್ ಅದನ್ನು ಸಿದ್ಧಪಡಿಸಿ ಕಳಿಸಬೇಕು. ಆ ಡ್ರೈವರ್ ಕ್ರೋಮ್ ಓಎಸ್‌ಗೆ ಇಲ್ಲ. ಪಹಣಿಯನ್ನು ಪರದೆಯ ಮೇಲೆ ನೋಡಬಹುದು, ಮುದ್ರಿಸಲಾಗದು. ಎರಡನೆಯದು ನುಡಿ, ಅದು ವಿಂಡೋಸ್ ತಂತ್ರಾಂಶ.

ನುಡಿಯ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಹೊಸ ಲ್ಯಾಪ್‌ಟಾಪ್ ತಂದ ಮನೆಗಳಲ್ಲಿ ಮೊದಲ ದಿನದ ಗಾಬರಿ ಇದೇ. ಅಪ್ಪನ ಹಳೆಯ ಫೈಲುಗಳು ಆಸ್ಕಿ ನುಡಿಯಲ್ಲಿದ್ದರೆ, ಅಲ್ಲಿ ಅಕ್ಷರವೆಂದು ಕಾಣುವುದು ಫಾಂಟಿನ ಚಿತ್ರ ಮಾತ್ರ. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫೈಲ್ ಹಾಳಾಗಿಲ್ಲ, ಹೆದರಬೇಡಿ, ನುಡಿ ಹಾಕಿದ ಕೂಡಲೇ ಸರಿಯಾಗಿ ಕಾಣುತ್ತದೆ. ಆ ಕಲಸುಮೇಲೋಗರದಲ್ಲೇ ತಿದ್ದಿ ಸೇವ್ ಮಾಡುವುದನ್ನು ಮಾತ್ರ ಮಾಡಬಾರದು. ಇನ್ನು ಮುಂದಿನ ಪತ್ರಗಳನ್ನು ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯೂನಿಕೋಡ್‌ನಲ್ಲೇ ಬರೆಯಲಿ, ಮೊಬೈಲ್‌ನಲ್ಲೂ ತೆರೆಯುತ್ತದೆ, ಸೇವಾಸಿಂಧು ಅರ್ಜಿಯ ಕನ್ನಡ ಖಾನೆಗೂ ಹಾಗೇ ಅಂಟಿಸಬಹುದು.

ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ: ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಆ್ಯಂಡ್ ರೀಜನ್ ಒಳಗೆ ಹೋಗಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಕನ್ನಡ ಫೊನೆಟಿಕ್ ಹಾಕಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಆದರೆ ನುಡಿಯಲ್ಲಿ ಪಳಗಿದ ಕೈ ಒತ್ತಕ್ಷರಕ್ಕೆ ಎಫ್ ಹುಡುಕುತ್ತದೆ. ಅಮ್ಮ ಎಂದು ಬರೆಯಲು ಎ, ಎಂ, ಎಫ್, ಎಂ ಒತ್ತಿದ ಬೆರಳಿಗೆ ಫೊನೆಟಿಕ್ ಒಗ್ಗುವುದಿಲ್ಲ. ಅಪ್ಪನಿಗೆ ನುಡಿಯನ್ನೇ ಉಳಿಸಿ, ಅದರೊಳಗೆ ಯೂನಿಕೋಡ್ ಆಯ್ಕೆ ಮಾಡಿಕೊಡಿ.

---

ಸಾಗರಸೀಮೆ

ಎಲ್ಲರಿಗೂ ಧನ್ಯವಾದ. ಪ್ರಿಂಟರ್ ವಿಷಯ ನನಗೆ ಹೊಳೆದೇ ಇರಲಿಲ್ಲ, ಕ್ರೋಮ್‌ಬುಕ್ ಕೈಬಿಟ್ಟೆ. (ಅ) ಕೂಡ ಬಿಟ್ಟೆ. ಶಿವಮೊಗ್ಗದ ಅಂಗಡಿಯಲ್ಲಿ ಈಗ ಎರಡು ತೋರಿಸ್ತಿದ್ದಾರೆ: ಅದೇ ಐ3-1215ಯು 33,500ಕ್ಕೆ, ಇನ್ನೊಂದು ಎನ್100, 8 ಜಿಬಿ, 256 ಎಸ್‌ಎಸ್‌ಡಿ 26,000ಕ್ಕೆ. ಏಳೂವರೆ ಸಾವಿರ ಹೆಚ್ಚು ಕೊಡೋದು ಸಾರ್ಥಕವೇ? ಪರದೆಯಲ್ಲಿ ಏನು ನೋಡಬೇಕು? ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ.

---

ಬೆಸುಗೆಕಡ್ಡಿ

ಐದು ವರ್ಷದ ಲೆಕ್ಕವಾದರೆ ಸಾರ್ಥಕ, ಒಂದು ಷರತ್ತಿನ ಮೇಲೆ. 1215ಯುನಲ್ಲಿ ವೇಗದ 2 ಕೋರ್, ಮಿತವ್ಯಯದ 4 ಕೋರ್ ಇವೆ. ಎನ್100ರಲ್ಲಿ ಇರುವುದು ಮಿತವ್ಯಯದ 4 ಮಾತ್ರ. ವಿಡಿಯೊ ಕಾಲ್ ನಡೆಯುವಾಗಲೇ ಬ್ಯಾಂಕ್ ಪುಟ ತೆರೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಯೂಟ್ಯೂಬ್ ವಿಷಯದಲ್ಲಿ ಎರಡೂ ಸಮ, ಈಗಿನ ಎವಿ1 ಮಾದರಿಯ (ಒತ್ತಿ ಕಿರಿದಾಗಿಸಿದ) ವಿಡಿಯೊವನ್ನು ಎರಡೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ. 8ನೇ ಜನರೇಷನ್‌ನ ಟಿ480ಗೆ ಆ ಸೌಲಭ್ಯವಿಲ್ಲ.

ಷರತ್ತು ಏನೆಂದರೆ, ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇರಬೇಕು. ಡೆಮೊ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. "ಸ್ಲಾಟ್ಸ್ ಯೂಸ್ಡ್" ಎದುರು 2ರಲ್ಲಿ 1 ಎಂದಿದ್ದರೆ ಸಾಮಾನ್ಯವಾಗಿ ಒಂದು ಖಾಲಿ ಇದೆ ಎಂದರ್ಥ. "ಫಾರ್ಮ್ ಫ್ಯಾಕ್ಟರ್" ಎದುರು "ರೋ ಆಫ್ ಚಿಪ್ಸ್" ಎಂದಿದ್ದರೆ ಈಗಿರುವುದು ಬೆಸೆದ ರ‍್ಯಾಮ್. ಬೆಸೆದದ್ದು ಮಾತ್ರ ಇದ್ದು ಸ್ಲಾಟ್ ಇಲ್ಲದಿದ್ದರೆ ಆ ಏಳೂವರೆ ಸಾವಿರದ ಅರ್ಧ ಬೆಲೆ ಹೋಯಿತು. ಈಗಲೇ 16ಕ್ಕೆ ಏರಿಸುವ ಅಗತ್ಯವಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿಬಿಟ್ಟಿದೆ, ಇಳಿದಾಗ ಹಾಕಿಸಿದರಾಯಿತು.

ಪರದೆಗೆ 1920×1080 ಇರಲೇಬೇಕು. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಮುಖ್ಯ. 1366×768ರಲ್ಲಿ "ರಾಷ್ಟ್ರೀಯ" ಪದದ ಎರಡು ಒತ್ತು ಒಂದಕ್ಕೊಂದು ಮೆತ್ತಿಕೊಂಡು ಚುಕ್ಕೆಯಾಗುತ್ತದೆ, ಇ-ಪೇಪರಿನ ಸಣ್ಣ ಅಕ್ಷರವಂತೂ ದೊಡ್ಡದು ಮಾಡದೆ ಓದಲಾಗುವುದಿಲ್ಲ. ಆಮೇಲೆ ಐಪಿಎಸ್ ಕೇಳಿ. ಅಗ್ಗದ ಟಿಎನ್ ಪರದೆಯನ್ನು ಗುರುತಿಸುವುದು ಸುಲಭ: ಎದುರು ನಿಂತು ಮುಚ್ಚಳವನ್ನು ನಿಧಾನಕ್ಕೆ ಹಿಂದಕ್ಕೆ ಬಾಗಿಸಿ, ಪರದೆಯಲ್ಲಿ ಕಾಣುವ ಮುಖದ ಬಣ್ಣ ತಿರುಗಿ, ಕಪ್ಪು ಬೂದಿಬಣ್ಣವಾದರೆ ಅದು ಟಿಎನ್. ಇಬ್ಬರು ಅಕ್ಕಪಕ್ಕ ಕೂತು ಯಕ್ಷಗಾನ ನೋಡುವ ಮನೆಗೆ ಅದು ಬೇಡ. ಪೊರೆ ಆಪರೇಷನ್ ಆದವರಿಗೆ ಹೊಳಪಿನ ಪರದೆಗಿಂತ ಮ್ಯಾಟ್ ಪರದೆ ಹಿತ, ಕಿಟಕಿಯ ಬಿಂಬ ಕಣ್ಣಿಗೆ ಹೊಡೆಯುವುದಿಲ್ಲ. 15.6 ಇಂಚಿನಲ್ಲಿ ಅಕ್ಷರ ದೊಡ್ಡದಾಗಿ ಕಾಣಲು ಸ್ಕೇಲ್ 150% ಇಟ್ಟುಕೊಡಿ.

---

ಎಸ್‌ಪಿ ರೋಡ್ ಪಕ್ಕ

ಶಿವಮೊಗ್ಗದಲ್ಲೇ ಸಿಗ್ತಿದೆ ಅಂದ್ರೆ (ಆ) ತಗೊಳ್ಳಿ, ನನ್ನದೂ ಅದೇ ಮಾತು. ಬಿಲ್ ಮಾಡಿಸೋ ಮೊದಲು ಪೆಟ್ಟಿಗೆ ಮೇಲಿನ ಸೀರಿಯಲ್ ನಂಬರ್‌ನ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ನೋಡಿ. ಯಾವಾಗಲೋ ಶುರುವಾಗಿ ತಿಂಗಳುಗಳು ಕಳೆದಿದ್ರೆ ಅದು ಡೆಮೊ ಪೀಸ್ ಇರಬಹುದು, ಬೇರೆ ಕೊಡಿ ಅನ್ನಿ. ಜೊತೆಗೆ 500 ರೂಪಾಯಿಗೆ "ಲೈಫ್‌ಟೈಮ್ ಆಫೀಸ್" ಹಾಕಿಕೊಡ್ತೀವಿ ಅಂದ್ರೆ ಬೇಡ ಅನ್ನಿ. ಬ್ಯಾಂಕ್ ವ್ಯವಹಾರ ಮಾಡೋ ಯಂತ್ರಕ್ಕೆ ಕಳ್ಳ ಆ್ಯಕ್ಟಿವೇಟರ್ ಹಾಕಿಸೋದು ತಿಜೋರಿ ಕೀಲಿ ಕೊಟ್ಟಂಗೆ. ಯಂತ್ರದ ಜೊತೆಗೇ ಆಫೀಸ್ ಬಂದಿದೆಯಾ ಕೇಳಿ, ಇಲ್ಲದಿದ್ರೆ ಅಡಿಕೆ ಲೆಕ್ಕಕ್ಕೆ ಲಿಬ್ರೆಆಫೀಸ್ ಸಾಕು, ಎಕ್ಸೆಲ್ ಫೈಲ್ ತೆರೆಯುತ್ತೆ.

---

ಕೀಲಿಮಣೆ

ಹಳ್ಳಿಗೆ ಒಯ್ಯುವ ಮೊದಲು ನೀವೇ ಕೂತು ಮಾಡಿಕೊಡಬೇಕಾದ ಕೆಲಸಗಳಿವೆ.

ಅಪ್‌ಡೇಟುಗಳನ್ನೆಲ್ಲ ಒಳ್ಳೆಯ ವೈಫೈನಲ್ಲಿ ಮುಗಿಸಿ, ಮೊದಲ ದಿನ ಹಲವು ಜಿಬಿ ಇಳಿಯುತ್ತದೆ. ಊರಿನಲ್ಲಿ ಹಾಟ್‌ಸ್ಪಾಟ್‌ಗೆ ಸೇರಿಸಿದಾಗ ಆ ಸಂಪರ್ಕದ ಗುಣಲಕ್ಷಣಗಳಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾವನ್ನು ವಿಂಡೋಸ್ ಬೆಳಗ್ಗೆಯೇ ಮುಗಿಸಿರುತ್ತದೆ.

ವಿಂಡೋಸ್ "ಎಸ್ ಮೋಡ್"ನಲ್ಲಿ (ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್ ಮಾತ್ರ ಬಿಡುವ ಕಟ್ಟು) ಬಂದಿದ್ದರೆ ನುಡಿಯೂ ಬರುವುದಿಲ್ಲ, ಕ್ಯಾನನ್ ಡ್ರೈವರಿನ ಇನ್‌ಸ್ಟಾಲರೂ ಓಡುವುದಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್‌ನಲ್ಲಿ ಅದರಿಂದ ಹೊರಬನ್ನಿ, ಉಚಿತ. ಮತ್ತೆ ಒಳಹೋಗಲು ಆಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಖಾತೆ ಎರಡಿರಲಿ. ಅಡ್ಮಿನಿಸ್ಟ್ರೇಟರ್ ನಿಮ್ಮ ಕೈಯಲ್ಲಿ, ಅಪ್ಪ-ಅಮ್ಮನಿಗೆ ಸ್ಟ್ಯಾಂಡರ್ಡ್ ಯೂಸರ್. "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಈ ತಂತ್ರಾಂಶ ಹಾಕಿ" ಎಂದು ಫೋನ್ ಬಂದರೂ ಅಡ್ಮಿನ್ ಪಾಸ್‌ವರ್ಡ್ ಕೇಳುವ ತಂತ್ರಾಂಶ ಹಾಕಲಾಗದು. ಕೆಲವು ರಿಮೋಟ್ ತಂತ್ರಾಂಶಗಳು ಇನ್‌ಸ್ಟಾಲ್ ಮಾಡದೆಯೇ ಓಡುತ್ತವೆ, ಅದಕ್ಕೆ ಬಾಯಲ್ಲೂ ಹೇಳಿಡಿ. ದುಡ್ಡು ಹೋಗಿಯೇಬಿಟ್ಟರೆ ಕೂಡಲೇ 1930ಕ್ಕೆ ಕರೆ ಮಾಡಬೇಕು, ಆ ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿ.

ಸರ್ಕಾರಿ ಪುಟಗಳಲ್ಲಿ "ಒತ್ತಿದರೂ ಏನೂ ಬರ್ತಿಲ್ಲ" ಎನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಪಾಪ್‌ಅಪ್ ತಡೆ. ವಿಳಾಸಪಟ್ಟಿಯ ಬಲತುದಿಯಲ್ಲಿ ಸಣ್ಣ ಗುರುತು ಬಂದಿರುತ್ತದೆ, ಅದನ್ನು ಒತ್ತಿ ಆ ತಾಣಕ್ಕೆ ಶಾಶ್ವತ ಅನುಮತಿ ಕೊಡಿ. ಕ್ಯಾಮೆರಾ "ಹಾಳಾಗಿದೆ" ಎಂದರೆ ಅದರ ಮೇಲಿನ ಪುಟ್ಟ ಮುಚ್ಚಳ ಮುಚ್ಚಿಕೊಂಡಿದೆಯೇ ಎಂದು ಮೊದಲು ನೋಡಲು ಹೇಳಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತದೆ, ರೌಟರ್ ಸಾಯುತ್ತದೆ. ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ (ಬಹುತೇಕ 12 ವೋಲ್ಟ್, 1 ಅಥವಾ 2 ಆಂಪಿಯರ್) ಅದಕ್ಕೆ ಹೊಂದುವ ಮಿನಿ ಯುಪಿಎಸ್ ಹಾಕಿ. ಸಿಡಿಲಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಚಾರ್ಜರ್ ಮತ್ತು ರೌಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಬೇಕು.

ಕೊನೆಯದು ಎಲ್ಲರೂ ಮರೆಯುವಂಥದ್ದು. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಬಿಟ್‌ಲಾಕರ್ ಬೀಗ ಹಾಕಿಕೊಳ್ಳುವುದುಂಟು. ಬೋರ್ಡ್ ಬದಲಿಸಿದಾಗಲೋ ಬಯಾಸ್ ಅಪ್‌ಡೇಟ್ ಆದಾಗಲೋ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಒಳಗಿನ ಫೈಲುಗಳನ್ನು ಯಾರಿಂದಲೂ ತೆಗೆಯಲಾಗದು. ಆ ಕೀ, ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗರು ತಮ್ಮ ಇಮೇಲ್‌ನಲ್ಲಿ ತೆರೆಯಲು ಬಿಡಬೇಡಿ. ನಿಮ್ಮದರಲ್ಲೇ ತೆರೆದು, ಕೀಯನ್ನು ಆ ಎಲ್‌ಬಿಪಿ2900ಬಿಯಲ್ಲೇ ಒಂದು ಹಾಳೆಗೆ ಮುದ್ರಿಸಿ, ಬಿಲ್ ಜೊತೆ ಇಡಿ.